ಪ್ರೋಸ್ಟಗ್ಲಾಂಡಿನ್‌ಗಳು ಮತ್ತು ಪ್ರತಿರಕ್ಷಾ ಕೋಶಗಳು

ಪ್ರೋಸ್ಟಗ್ಲಾಂಡಿನ್‌ಗಳು ಕೋಶಪೊರೆಯ ಕೊಬ್ಬಿನಿಂದ ಹುಟ್ಟುವ ಸಂಕೇತದ ಅಣುಗಳು. ಇಪ್ಪತ್ತು ಇಂಗಾಲಗಳು, ಅವುಗಳಲ್ಲಿ ಐದು ಸೇರಿ ಕಟ್ಟಿದ ಒಂದು ಉಂಗುರ, ರಚನೆ ಇಷ್ಟೇ. ಕೆಂಪು ರಕ್ತಕಣವನ್ನು ಬಿಟ್ಟರೆ ಮೈಯ ಹೆಚ್ಚುಕಡಿಮೆ ಎಲ್ಲ ಕೋಶಗಳೂ ಇವನ್ನು ತಯಾರಿಸಬಲ್ಲವು. ಇನ್ಸುಲಿನ್ನಿನಂತೆ ಒಂದು ಗ್ರಂಥಿಯಲ್ಲಿ ದಾಸ್ತಾನಾಗಿದ್ದು ರಕ್ತದ ಮೂಲಕ ದೂರ ಸಾಗುವ ಹಾರ್ಮೋನುಗಳಲ್ಲ ಇವು. ಬೇಕಾದಾಗ, ಬೇಕಾದಲ್ಲಿ ತಯಾರಾಗಿ, ಅಕ್ಕಪಕ್ಕದ ಕೋಶಗಳಿಗೆ ಸುದ್ದಿ ಮುಟ್ಟಿಸಿ, ಅಲ್ಲೇ ಅಳಿದುಹೋಗುತ್ತವೆ. ಸ್ಥಳೀಯ ಹಾರ್ಮೋನುಗಳೆಂದು ಇವನ್ನು ಕರೆಯುವುದು ಇದಕ್ಕಾಗಿಯೇ.

ಹೆರಿಗೆ ನೋವು, ಜಠರದ ಒಳಪೊರೆಯ ರಕ್ಷಣೆ, ಮೂತ್ರಪಿಂಡದ ರಕ್ತಸಂಚಾರ, ರಕ್ತ ಹೆಪ್ಪುಗಟ್ಟುವುದು, ಇವೆಲ್ಲದರಲ್ಲೂ ಪ್ರೋಸ್ಟಗ್ಲಾಂಡಿನ್‌ಗಳ ಕೈಯಿದೆ. ಇಲ್ಲಿ ಹೇಳಹೊರಟಿರುವುದು ಅವುಗಳ ಇನ್ನೊಂದು ಕೆಲಸದ ಬಗ್ಗೆ: ಸೋಂಕು, ಗಾಯ, ಗಂತಿಗಳ ಎದುರು ನಿಲ್ಲುವ ಪ್ರತಿರಕ್ಷಾ ಕೋಶಗಳು ಯಾವಾಗ ಕೆರಳಬೇಕು, ಯಾವಾಗ ತಣ್ಣಗಾಗಬೇಕು ಎಂಬುದರ ಮೇಲೆ ಅವುಗಳ ಹಿಡಿತ. ಪಠ್ಯಪುಸ್ತಕಗಳು ಇವನ್ನು ‘ಉರಿಯೂತಕಾರಕ’ ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತವೆ. ಅದು ಅರ್ಧ ಸತ್ಯ. ಉರಿಯೂತ ಹಚ್ಚುವ ಇದೇ ಅಣು ಅದನ್ನು ಆರಿಸುವುದಕ್ಕೂ ಮುಂದಾಗುತ್ತದೆ. ಎಷ್ಟೋ ಸಲ ಆರಿಸುವ ಕೆಲಸವೇ ಹೆಚ್ಚು.

ಇತಿಹಾಸ

ಹೆಸರು ಒಂದು ತಪ್ಪು ಊಹೆಯ ಫಲ. 1930ರಲ್ಲಿ ನ್ಯೂಯಾರ್ಕಿನ ಕುರ್ಜ್‌ರಾಕ್ ಮತ್ತು ಲೀಬ್, ಮನುಷ್ಯನ ವೀರ್ಯ ತಗುಲಿದ ಗರ್ಭಕೋಶದ ಸ್ನಾಯುಪಟ್ಟಿ ಕೆಲವೊಮ್ಮೆ ಬಿಗಿಯುವುದನ್ನೂ ಕೆಲವೊಮ್ಮೆ ಸಡಿಲಗೊಳ್ಳುವುದನ್ನೂ ಕಂಡರು. ಎರಡು ಬಾಯಿಯ ಮಾತು ಮೊದಲ ದಿನದಿಂದಲೇ ಇತ್ತೆನ್ನಬೇಕು. ಮುಂದೆ ಇಂಗ್ಲೆಂಡಿನ ಗೋಲ್ಡ್‌ಬ್ಲಾಟ್, ಸ್ವೀಡನ್ನಿನ ಉಲ್ಫ್ ವಾನ್ ಆಯ್ಲರ್ ಬೇರೆಬೇರೆಯಾಗಿ ಇದರ ಬೆನ್ನು ಹತ್ತಿದರು. ಈ ವಸ್ತು ಪ್ರಾಸ್ಟೇಟ್ ಗ್ರಂಥಿಯಿಂದ ಬರುತ್ತದೆಂದು ಎಣಿಸಿದ ವಾನ್ ಆಯ್ಲರ್ 1935ರಲ್ಲಿ ಅದಕ್ಕೆ ಪ್ರೋಸ್ಟಗ್ಲಾಂಡಿನ್ ಎಂದು ಹೆಸರಿಟ್ಟರು. ಬಹುಪಾಲು ಬರುತ್ತಿದ್ದುದು ಪಕ್ಕದ ವೀರ್ಯಕೋಶಿಕೆಗಳಿಂದ ಎಂದು ಗೊತ್ತಾಗುವಷ್ಟರಲ್ಲಿ ಹೆಸರು ಊರಿಬಿಟ್ಟಿತ್ತು.

ಸುನೆ ಬರ್ಗ್‌ಸ್ಟ್ರಾಮ್ ಮತ್ತು ಸಂಗಡಿಗರು ಕುರಿಯ ವೀರ್ಯಕೋಶಿಕೆಗಳಿಂದ ಶುದ್ಧ ಹರಳುಗಳನ್ನು ತೆಗೆದು, 1960ರ ದಶಕದ ಆರಂಭದಲ್ಲಿ ಅವುಗಳ ರಚನೆಯನ್ನು ಬಿಡಿಸಿದರು. ಈಥರಿಗೆ ಇಳಿದದ್ದು ‘ಇ’ ಆಯಿತು. ಫಾಸ್ಫೇಟ್ ದ್ರಾವಣಕ್ಕೆ ಇಳಿದದ್ದು ‘ಎಫ್’, ಏಕೆಂದರೆ ಸ್ವೀಡಿಷ್ ಭಾಷೆಯಲ್ಲಿ ಫಾಸ್ಫೇಟ್ ಪದ ಶುರುವಾಗುವುದು ಆ ಅಕ್ಷರದಿಂದ. ಡಿ, ಐ ಮುಂತಾದವು ಆಮೇಲೆ ಸೇರಿದವು. ಅಕ್ಷರದ ಜೊತೆಗಿರುವ ಅಂಕಿ, ಸರಪಳಿಯಲ್ಲಿ ಎಷ್ಟು ಜೋಡಿಬಂಧಗಳಿವೆ ಎಂಬುದರ ಲೆಕ್ಕ. ಮನುಷ್ಯರಲ್ಲಿ ಹೆಚ್ಚಾಗಿ ಕಾಣುವುದು ಎರಡು ಜೋಡಿಬಂಧಗಳ ಸರಣಿ. ಅದಕ್ಕೇ ಈ ಲೇಖನದಲ್ಲಿ ಇ2, ಡಿ2 ಎಂಬ ಹೆಸರುಗಳೇ ಮತ್ತೆ ಮತ್ತೆ ಬರುತ್ತವೆ.

1971ರಲ್ಲಿ ಲಂಡನ್ನಿನ ಜಾನ್ ವೇನ್, ಆಸ್ಪಿರಿನ್ ಪ್ರೋಸ್ಟಗ್ಲಾಂಡಿನ್‌ಗಳ ತಯಾರಿಯನ್ನೇ ತಡೆಯುತ್ತದೆಂದು ತೋರಿಸಿದರು. ಎಪ್ಪತ್ತು ವರ್ಷಕ್ಕೂ ಮೇಲೆ ಲೋಕವೆಲ್ಲ ನುಂಗುತ್ತಿದ್ದ ಮಾತ್ರೆ ಹೇಗೆ ಕೆಲಸ ಮಾಡುತ್ತದೆಂಬುದು ಆಗ ಬಯಲಾಯಿತು. ಬರ್ಗ್‌ಸ್ಟ್ರಾಮ್, ಅವರ ಶಿಷ್ಯ ಬೆಂಗ್ಟ್ ಸ್ಯಾಮ್ಯುಯೆಲ್ಸನ್ ಮತ್ತು ವೇನ್ 1982ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ವೇನ್ ಅವರ ಶೋಧದಿಂದ ಒಂದು ಅಡ್ಡ ಪರಿಣಾಮವೂ ಆಯಿತು. ನೋವು, ಜ್ವರ, ಬಾವನ್ನು ಇಳಿಸುವ ಔಷಧ ಪ್ರೋಸ್ಟಗ್ಲಾಂಡಿನ್ನನ್ನು ತಡೆಯುತ್ತದಾದರೆ ಪ್ರೋಸ್ಟಗ್ಲಾಂಡಿನ್ನೇ ಖಳನಾಯಕ ಎಂಬ ತೀರ್ಮಾನ ಬಹುಬೇಗ ಗಟ್ಟಿಯಾಯಿತು. 1977ರಲ್ಲಿ ಗುಡ್‌ವಿನ್ ಮತ್ತು ಸಂಗಡಿಗರು ಇದಕ್ಕೆ ಉಲ್ಟಾ ಸಾಕ್ಷ್ಯ ತಂದರು. ಮನುಷ್ಯನ ಟಿ ಕೋಶಗಳೆಂಬ ಪ್ರತಿರಕ್ಷಾ ಕೋಶಗಳ ವಿಭಜನೆಯನ್ನು ಪ್ರೋಸ್ಟಗ್ಲಾಂಡಿನ್ ಇ ತಗ್ಗಿಸುತ್ತಿತ್ತು. ಅದರ ತಯಾರಿಯನ್ನು ಆಸ್ಪಿರಿನ್ ಬಗೆಯ ಔಷಧವಾದ ಇಂಡೊಮೆಥಸಿನ್ನಿನಿಂದ ನಿಲ್ಲಿಸಿದರೆ ವಿಭಜನೆ ಏರುತ್ತಿತ್ತು. ಇಂದಿನ ಚರ್ಚೆಗಳ ಬೇರು ಇರುವುದು ಅಲ್ಲಿ.

ತಯಾರಿ ಮತ್ತು ವಿಲೇವಾರಿ

ಕಚ್ಚಾವಸ್ತು ಅರಾಕಿಡಾನಿಕ್ ಆಮ್ಲ. ಕೋಶಪೊರೆಯ ಫಾಸ್ಫೊಲಿಪಿಡ್ಡುಗಳಿಗೆ ಇದು ಅಂಟಿಕೊಂಡಿರುತ್ತದೆ. ಸೂಕ್ಷ್ಮಾಣು ತಗುಲಿ ಅಥವಾ ಪೆಟ್ಟು ಬಿದ್ದು ಕೋಶದೊಳಗೆ ಕ್ಯಾಲ್ಸಿಯಂ ಏರಿದಾಗ ಫಾಸ್ಫೊಲಿಪೇಸ್ ಎ2 ಎಂಬ ಕಿಣ್ವ ಅದನ್ನು ಕತ್ತರಿಸಿ ಬಿಡಿಸುತ್ತದೆ. ಬಿಡುಗಡೆಯಾದ ಆಮ್ಲವನ್ನು ಸೈಕ್ಲೊಆಕ್ಸಿಜನೇಸ್, ಚಿಕ್ಕದಾಗಿ ಕಾಕ್ಸ್, ಎಂಬ ಕಿಣ್ವ ಎಚ್2 ಎಂಬ ಅಸ್ಥಿರ ರೂಪಕ್ಕೆ ತಿರುಗಿಸುತ್ತದೆ. ದಾರಿ ಕವಲೊಡೆಯುವುದು ಇಲ್ಲಿಂದ. ಮಾಸ್ಟ್ ಕೋಶದಲ್ಲಿ ಎಚ್2 ಬಹುಮಟ್ಟಿಗೆ ಡಿ2 ಆಗುತ್ತದೆ, ರಕ್ತನಾಳದ ಒಳಪದರದಲ್ಲಿ ಐ2, ಅಂದರೆ ಪ್ರೋಸ್ಟಸೈಕ್ಲಿನ್, ಆಗುತ್ತದೆ. ಕಿರುಬಿಲ್ಲೆಗಳಲ್ಲಿ ಥ್ರಾಂಬಾಕ್ಸೇನ್ ಎ2, ಕೆರಳಿದ ಮ್ಯಾಕ್ರೊಫೇಜಿನಲ್ಲಿ ಮುಖ್ಯವಾಗಿ ಇ2. ಯಾವ ಕೋಶದಲ್ಲಿ ಯಾವ ಕೊನೆಯ ಕಿಣ್ವವಿದೆಯೋ ಅದರಂತೆ ಸರಕು.

ಕಾಕ್ಸ್‌ನಲ್ಲಿ ಎರಡು ಬಗೆ. ಮೊದಲನೆಯದು ಹೆಚ್ಚಿನ ಕೋಶಗಳಲ್ಲಿ ಸದಾ ಇರುವಂಥದ್ದು. 1991ರಲ್ಲಿ ಗುರುತಿಸಲಾದ ಎರಡನೆಯದು ಸಾಮಾನ್ಯವಾಗಿ ತೆಪ್ಪಗಿದ್ದು, ಸೂಕ್ಷ್ಮಾಣುಗಳ ಅಂಶವೋ ಇಂಟರ್‌ಲ್ಯೂಕಿನ್-1ರಂಥ ಸೈಟೊಕೈನೋ (ಪ್ರತಿರಕ್ಷೆಯ ಸಂಕೇತ ಪ್ರೋಟೀನು) ತಟ್ಟಿದಾಗ ಗಂಟೆಗಳೊಳಗೆ ಹೇರಳವಾಗಿ ಹುಟ್ಟುತ್ತದೆ. ಸ್ಟಿರಾಯ್ಡುಗಳು ಈ ಹುಟ್ಟನ್ನು ಅಡಗಿಸುತ್ತವೆ. ಒಂದು ಮನೆಯ ದೀಪ, ಇನ್ನೊಂದು ಜಾತ್ರೆಯ ದೀಪ ಎಂದು ಎರಡನ್ನೂ ಬೇರ್ಪಡಿಸುವುದು ಅನುಕೂಲ. ಆದರೆ ಮೂತ್ರಪಿಂಡ, ಮಿದುಳುಗಳಲ್ಲಿ ಕಾಕ್ಸ್-2 ಕೂಡ ನಿತ್ಯದ ದೀಪವೇ.

ಹುಟ್ಟಿದಷ್ಟೇ ಬೇಗ ಇವು ಅಳಿಯಬೇಕು. ಇ2 ರಕ್ತಕ್ಕೆ ಸೇರಿದರೆ ಶ್ವಾಸಕೋಶವನ್ನು ಒಮ್ಮೆ ಹಾದುಹೋಗುವಷ್ಟರಲ್ಲಿ ಅದರ ಬಹುಭಾಗ ನಿಷ್ಕ್ರಿಯವಾಗುತ್ತದೆ. ಮುಖ್ಯ ಕೆಲಸಗಾರ 15-ಹೈಡ್ರಾಕ್ಸಿ ಪ್ರೋಸ್ಟಗ್ಲಾಂಡಿನ್ ಡಿಹೈಡ್ರೊಜಿನೇಸ್ ಎಂಬ ಉದ್ದ ಹೆಸರಿನ ಕಿಣ್ವ. ಕರುಳಿನ ಹಲವು ಕ್ಯಾನ್ಸರುಗಳಲ್ಲಿ ಈ ಕಿಣ್ವ ಕುಗ್ಗಿರುತ್ತದೆ, ಕಾಕ್ಸ್-2 ಹಿಗ್ಗಿರುತ್ತದೆ. ತಯಾರಿ ಜಾಸ್ತಿ, ವಿಲೇವಾರಿ ಕಡಿಮೆ.

ಒಂದೇ ಅಣುವಿಗೆ ನಾಲ್ಕು ಕಿವಿ

ಪ್ರೋಸ್ಟಗ್ಲಾಂಡಿನ್ ಏನು ಹೇಳುತ್ತದೆ ಎಂಬುದಕ್ಕಿಂತ ಕೋಶಕ್ಕೆ ಏನು ಕೇಳಿಸುತ್ತದೆ ಎಂಬುದು ಮುಖ್ಯ. ಕೋಶದ ಹೊರಮೈಯಲ್ಲಿ ಸಂಕೇತ ಹಿಡಿಯುವ ಪ್ರೋಟೀನುಗಳಿಗೆ ಗ್ರಾಹಿಗಳೆಂದು ಹೆಸರು. ಜಪಾನಿನ ಕ್ಯೋಟೊದಲ್ಲಿ ಶುಹ್ ನರುಮಿಯಾ ಅವರ ತಂಡ 1991ರಲ್ಲಿ ಥ್ರಾಂಬಾಕ್ಸೇನ್ ಗ್ರಾಹಿಯ ಜೀನನ್ನು ಹಿಡಿದ ಮೇಲೆ ಒಂದೊಂದಾಗಿ ಈ ಕುಟುಂಬವೆಲ್ಲ ಬೆಳಕಿಗೆ ಬಂತು. ಇ2ಗೆ ನಾಲ್ಕು ಗ್ರಾಹಿಗಳು: ಇಪಿ1ರಿಂದ ಇಪಿ4. ಡಿ2ಗೆ ಎರಡು. ಮಿಕ್ಕವಕ್ಕೆ ತಲಾ ಒಂದು.

ಇಪಿ2 ಮತ್ತು ಇಪಿ4 ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಚಿಕ್ಕ ಅಣುವನ್ನು ಏರಿಸುತ್ತವೆ. ಇಪಿ3 ಹೆಚ್ಚಾಗಿ ಅದನ್ನು ಇಳಿಸುತ್ತದೆ. ಇಪಿ1 ಕ್ಯಾಲ್ಸಿಯಮ್ಮಿನ ಮೂಲಕ ಮಾತಾಡುತ್ತದೆ. ಪ್ರತಿರಕ್ಷಾ ಕೋಶಗಳಲ್ಲಿ ಮೇಲುಗೈ ಇಪಿ2, ಇಪಿ4ರದು. ಸೈಕ್ಲಿಕ್ ಎಎಂಪಿ ಏರಿತೆಂದರೆ ಈ ಕೋಶಗಳಲ್ಲಿ ಬಹುತೇಕ ಬ್ರೇಕು ಬಿದ್ದಂತೆ. ಈ ಇಬ್ಬರಲ್ಲೂ ಗುಣಭೇದವಿದೆ. ಇಪಿ4 ಸೂಕ್ಷ್ಮಕಿವಿಯದು, ಅತ್ಯಲ್ಪ ಇ2ಗೂ ಓಗೊಡುತ್ತದೆ. ಆದರೆ ಬೇಗ ಸುಸ್ತಾಗಿ ಕೋಶದೊಳಕ್ಕೆ ಸರಿದುಬಿಡುತ್ತದೆ. ಇಪಿ2ಗೆ ಹೆಚ್ಚು ಇ2 ಬೇಕು, ಆದರೆ ಅದು ಸುಲಭಕ್ಕೆ ದಣಿಯುವುದಿಲ್ಲ. ಹೀಗಾಗಿ ಇ2 ಎಷ್ಟಿದೆ, ಎಷ್ಟು ಹೊತ್ತು ಇದೆ ಎಂಬುದೂ ಸುದ್ದಿಯ ಭಾಗವೇ. ಇಪಿ4ಗೆ ಮತ್ತೊಂದು ದಾರಿಯೂ ಗೊತ್ತು, ಪಿಐ-3 ಕೈನೇಸ್ ಎಂಬ ಕಿಣ್ವದ ದಾರಿ. ಕೆಲವೆಡೆ ಇದೇ ಗ್ರಾಹಿ ಬ್ರೇಕಿನ ಬದಲು ವೇಗ ಕೊಡುವುದು ಈ ಕಾರಣಕ್ಕೆ.

ಮೊದಲ ಸಾಲಿನ ಕೋಶಗಳು

ಗಾಯವಾದ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಳ್ಳುವ ಮೊದಲ ಗಂಟೆಗಳಲ್ಲಿ ಪ್ರೋಸ್ಟಗ್ಲಾಂಡಿನ್‌ಗಳು ನಿಜಕ್ಕೂ ಉರಿಯೂತದ ಪಕ್ಷವೇ. ಇ2 ಮತ್ತು ಐ2 ಕಿರುಧಮನಿಗಳನ್ನು ಅಗಲಿಸಿ ರಕ್ತದ ಹರಿವು ಹೆಚ್ಚಿಸುತ್ತವೆ. ನಾಳದಿಂದ ದ್ರವ ಸೋರುವಂತೆ ಮಾಡುವುದು ಮುಖ್ಯವಾಗಿ ಬ್ರಾಡಿಕೈನಿನ್, ಹಿಸ್ಟಮೀನ್‌ಗಳು. ಆ ಸೋರಿಕೆಗೆ ನೀರು ನುಗ್ಗಿಸುವವು ಪ್ರೋಸ್ಟಗ್ಲಾಂಡಿನ್‌ಗಳು. ಜ್ವರವೂ ಹೀಗೆಯೇ. ಸೈಟೊಕೈನುಗಳು ಮಿದುಳಿನ ರಕ್ತನಾಳದ ಕೋಶಗಳಲ್ಲಿ ಇ2 ತಯಾರಾಗುವಂತೆ ಮಾಡುತ್ತವೆ, ಅದು ಹೈಪೊಥಲಾಮಸ್ ಮುಂಭಾಗದ ನರಕೋಶಗಳ ಇಪಿ3ಗೆ ತಗುಲಿ ಮೈಬಿಸಿ ಏರುತ್ತದೆ. ಇಪಿ3 ಇಲ್ಲದ ಇಲಿಗಳಿಗೆ ಇಂಥ ಜ್ವರ ಬರುವುದಿಲ್ಲವೆಂದು 1998ರಲ್ಲಿ ಜಪಾನೀ ಸಂಶೋಧಕರು ತೋರಿಸಿದರು.

ಮ್ಯಾಕ್ರೊಫೇಜುಗಳ ಮಟ್ಟಿಗೆ ಕಥೆ ತಿರುಗುತ್ತದೆ. ಈ ಕಬಳಿಸುವ ಕೋಶವೇ ಇ2ರ ದೊಡ್ಡ ತಯಾರಕ, ಇ2ರ ಲಗಾಮು ಬೀಳುವುದೂ ಅದಕ್ಕೇ. ಉರಿಯೂತ ಕೆರಳಿಸುವ ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-12 ಇಳಿಯುತ್ತವೆ. ಶಾಂತಿ ತರುವ ಇಂಟರ್‌ಲ್ಯೂಕಿನ್-10 ಏರುತ್ತದೆ. ಶ್ವಾಸಕೋಶದ ಗಾಳಿಚೀಲಗಳಲ್ಲಿ ಕಾವಲಿರುವ ಮ್ಯಾಕ್ರೊಫೇಜುಗಳಲ್ಲಿ ಇ2, ಇಪಿ2 ಮೂಲಕ, ಬ್ಯಾಕ್ಟೀರಿಯಾಗಳನ್ನು ನುಂಗುವ ಮತ್ತು ಕೊಲ್ಲುವ ಎರಡೂ ಶಕ್ತಿಗಳನ್ನು ಕುಂದಿಸುತ್ತದೆ. ಸಹಜ ಕೊಲೆಗಾರ ಕೋಶಗಳೆನಿಸಿದ ಎನ್‌ಕೆ ಕೋಶಗಳೂ ಇದರ ಸಮ್ಮುಖದಲ್ಲಿ ಮಂಕಾಗುತ್ತವೆ.

ಡೆಂಡ್ರೈಟಿಕ್ ಕೋಶಗಳಲ್ಲಿ ಒಂದು ವಿಚಿತ್ರವಿದೆ. ಚರ್ಮ, ಕರುಳುಗಳಲ್ಲಿ ಕುಳಿತು ಪರಕೀಯ ತುಣುಕುಗಳನ್ನು ಹಿಡಿದು ದುಗ್ಧಗ್ರಂಥಿಗೆ ಒಯ್ದು ಟಿ ಕೋಶಗಳಿಗೆ ತೋರಿಸುವುದು ಇವುಗಳ ಕೆಲಸ. ಹೊರಡಲು ಸಿಸಿಆರ್7 ಎಂಬ ಗ್ರಾಹಿ ದಿಕ್ಕು ತೋರಬೇಕು. ಆ ಸಿಸಿಆರ್7 ಸರಿಯಾಗಿ ಕೆಲಸ ಮಾಡಲು ಇ2ರ ಒತ್ತಾಸೆ ಬೇಕು. ಇಪಿ4 ಇಲ್ಲದ ಇಲಿಗಳಲ್ಲಿ ಚರ್ಮದ ಲ್ಯಾಂಗರ್‌ಹ್ಯಾನ್ಸ್ ಕೋಶಗಳು ಗ್ರಂಥಿಯತ್ತ ಸರಿಯಾಗಿ ಹೊರಡುವುದೇ ಇಲ್ಲ. ಆದರೆ ಇ2ರಲ್ಲಿ ಬೆಳೆದ ಡೆಂಡ್ರೈಟಿಕ್ ಕೋಶ, ಕೊಲ್ಲುವ ಟಿ ಕೋಶಗಳನ್ನು ಹುರಿದುಂಬಿಸುವ ಇಂಟರ್‌ಲ್ಯೂಕಿನ್-12ನ್ನು ಕಡಿಮೆ ಸುರಿಸುತ್ತದೆ. ಕಾಲು ಚುರುಕು, ಬಾಯಿ ಮೆತ್ತಗೆ. 1997ರಲ್ಲಿ ಜರ್ಮನಿಯಲ್ಲಿ ರೂಪುಗೊಂಡ, ಕ್ಯಾನ್ಸರ್ ಲಸಿಕೆಗಾಗಿ ಈ ಕೋಶಗಳನ್ನು ಪ್ರಯೋಗಾಲಯದಲ್ಲಿ ಪಕ್ವಗೊಳಿಸುವ ಮಿಶ್ರಣದಲ್ಲಿ ಇ2 ಒಂದು ಘಟಕ. ವರ್ಷಗಟ್ಟಲೆ ಅದೇ ಮಿಶ್ರಣ ಬಳಕೆಯಲ್ಲಿತ್ತು. ಫಲಿತಾಂಶಗಳು ನಿರೀಕ್ಷೆಗಿಂತ ಮೆತ್ತಗಿದ್ದುದಕ್ಕೆ ಈ ಇಬ್ಬಗೆಯೂ ಒಂದು ಕಾರಣವಿರಬಹುದೆಂಬ ಶಂಕೆ ಸಕಾರಣವಾದದ್ದು.

ಟಿ ಮತ್ತು ಬಿ ಕೋಶಗಳು

ಟಿ ಕೋಶದಲ್ಲಿ ಬ್ರೇಕು ಹೇಗೆ ಬೀಳುತ್ತದೆಂಬುದನ್ನು ನಾರ್ವೆಯ ಓಸ್ಲೊದಲ್ಲಿ ಟಾಸ್ಕೆನ್ ಮತ್ತು ಸಂಗಡಿಗರು ಹಂತಹಂತವಾಗಿ ಬಿಡಿಸಿದ್ದಾರೆ. ಟಿ ಕೋಶ ತನ್ನ ಗುರಿಯನ್ನು ಗುರುತಿಸಿದೊಡನೆ ಎಲ್‌ಸಿಕೆ ಎಂಬ ಕಿಣ್ವ ಮೊದಲ ಕಿಡಿ ಹಾರಿಸಬೇಕು. ಇ2ರಿಂದ ಏರಿದ ಸೈಕ್ಲಿಕ್ ಎಎಂಪಿ ಪ್ರೋಟೀನ್ ಕೈನೇಸ್-ಎ ಕಿಣ್ವವನ್ನು ಎಬ್ಬಿಸುತ್ತದೆ, ಅದು ಸಿಎಸ್‌ಕೆ ಎಂಬ ಇನ್ನೊಂದನ್ನು ಎಬ್ಬಿಸುತ್ತದೆ, ಸಿಎಸ್‌ಕೆ ಹೋಗಿ ಎಲ್‌ಸಿಕೆಯ ಕೈ ಕಟ್ಟುತ್ತದೆ. ಕಿಡಿ ಹಾರುವ ಮೊದಲೇ ನೀರು ಬಿದ್ದಂತಾಗಿ, ಕೋಶ ತಾನೇ ಸುರಿಸಿಕೊಂಡು ಬೆಳೆಯಬೇಕಾದ ಇಂಟರ್‌ಲ್ಯೂಕಿನ್-2 ತಗ್ಗುತ್ತದೆ.

ನೆರವಿನ ಟಿ ಕೋಶಗಳಲ್ಲಿ ಹಲವು ಪಂಗಡಗಳಿವೆ. ಇ2 ಮೊದಲ ಪಂಗಡವನ್ನು, ಅಂದರೆ ಟಿಎಚ್1ನ್ನು ಕುಗ್ಗಿಸಿ ಟಿಎಚ್2ರ ಕಡೆ ವಾಲಿಸುತ್ತದೆಂದು 1990ರ ದಶಕದುದ್ದಕ್ಕೂ ನಂಬಿಕೆಯಿತ್ತು. 2009ರಲ್ಲಿ ನರುಮಿಯಾ ತಂಡ ಈ ಚಿತ್ರವನ್ನು ಕದಡಿತು. ಟಿ ಕೋಶಕ್ಕೆ ಪ್ರಚೋದನೆ ಬಲವಾಗಿದ್ದಾಗ ಇ2, ಇಪಿ2 ಮತ್ತು ಇಪಿ4ರ ಮೂಲಕ, ಟಿಎಚ್1 ಬೆಳವಣಿಗೆಗೆ ಒತ್ತು ಕೊಡುವುದೂ ಇಂಟರ್‌ಲ್ಯೂಕಿನ್-23ರ ಜೊತೆ ಸೇರಿ ಟಿಎಚ್17 ಪಂಗಡವನ್ನು ಹಿಗ್ಗಿಸುವುದೂ ಇಲಿಗಳಲ್ಲಿ ಕಂಡಿತು. ಕೀಲುವಾತ, ಸೋರಿಯಾಸಿಸ್‌ಗಳಂಥ ಕಾಯಿಲೆಗಳಲ್ಲಿ ಟಿಎಚ್17ರ ಪಾತ್ರ ದೊಡ್ಡದು. ಎರಡೂ ಪ್ರಯೋಗಮಾಲೆಗಳು ಸರಿಯೇ. ಕೋಶ ಯಾವ ಸ್ಥಿತಿಯಲ್ಲಿತ್ತು ಎಂಬುದು ಬೇರೆ. ಪ್ರತಿರಕ್ಷೆಯನ್ನು ಹತೋಟಿಯಲ್ಲಿಡುವ ನಿಯಂತ್ರಕ ಟಿ ಕೋಶಗಳನ್ನೂ ಇ2 ಬೆಳೆಸುತ್ತದೆ. ಬಿ ಕೋಶಗಳ ಬಗ್ಗೆ ಕೆಲಸ ಕಡಿಮೆ. ಇಲಿಯ ಬಿ ಕೋಶಗಳಲ್ಲಿ ಇಂಟರ್‌ಲ್ಯೂಕಿನ್-4ರ ಜೊತೆಗೆ ಇ2 ಇದ್ದರೆ ಅಲರ್ಜಿಯ ಪ್ರತಿಕಾಯವಾದ ಐಜಿಇ ತಯಾರಿ ಹೆಚ್ಚುತ್ತದೆ.

ಅಲರ್ಜಿ, ಆಸ್ತಮಾ

ಇ2ರ ಸೋದರಿ ಡಿ2 ಅಲರ್ಜಿಯ ಅಂಗಳದವಳು. ಪರಾಗವೋ ಧೂಳೋ ತಗುಲಿ ಮಾಸ್ಟ್ ಕೋಶ ಸಿಡಿದಾಗ ಹೊರಬರುವ ಡಿ2, ಸಿಆರ್‌ಟಿಎಚ್2 ಎಂಬ ಗ್ರಾಹಿಯ ಮೂಲಕ ಟಿಎಚ್2 ಕೋಶ, ಇಯೊಸಿನೊಫಿಲ್, ಬೇಸೊಫಿಲ್‌ಗಳನ್ನು ಅಲ್ಲಿಗೆ ಕರೆತರುತ್ತದೆ. ಈ ಗ್ರಾಹಿಯನ್ನು ಮುಚ್ಚಿದರೆ ಆಸ್ತಮಾ ಹತೋಟಿಗೆ ಬರಬೇಕಲ್ಲ ಎಂಬ ತರ್ಕದ ಮೇಲೆ ಫೆವಿಪಿಪ್ರಾಂಟ್ ಎಂಬ ಔಷಧ ಬಂತು. ಆರಂಭದ ಪರೀಕ್ಷೆಗಳು ಆಸೆ ಹುಟ್ಟಿಸಿದರೂ 2019ರಲ್ಲಿ ದೊಡ್ಡ ಪರೀಕ್ಷೆಗಳು ಕೈಕೊಟ್ಟವು.

ಶ್ವಾಸನಾಳದಲ್ಲಿ ಇ2ರ ಪಾತ್ರ ಇದಕ್ಕೆ ವಿರುದ್ಧ, ಅದು ಕಾಪಾಡುವ ಕಡೆ. ಕೆಲವು ಆಸ್ತಮಾ ರೋಗಿಗಳಿಗೆ ಆಸ್ಪಿರಿನ್ ಅಥವಾ ಐಬುಪ್ರೊಫೆನ್ ಒಂದು ಗುಳಿಗೆ ನುಂಗಿದರೆ ಗಂಟೆ-ಎರಡು ಗಂಟೆಯಲ್ಲಿ ಮೂಗು ಕಟ್ಟಿ, ಉಸಿರು ಸಿಕ್ಕಿಕೊಳ್ಳುತ್ತದೆ. ಅವರಲ್ಲಿ ಮಾಸ್ಟ್ ಕೋಶಗಳಿಗೆ ಕಡಿವಾಣವಾಗಿದ್ದ ಇ2 ಮೊದಲೇ ಕಡಿಮೆ. ಗುಳಿಗೆ ಅದನ್ನೂ ಕಿತ್ತುಕೊಂಡಾಗ ಅದೇ ಅರಾಕಿಡಾನಿಕ್ ಆಮ್ಲದಿಂದ ಇನ್ನೊಂದು ದಾರಿಯಲ್ಲಿ ಹುಟ್ಟುವ ಲ್ಯೂಕೊಟ್ರೈನ್‌ಗಳು ಕಟ್ಟೆಯೊಡೆದು ನುಗ್ಗುತ್ತವೆ. ಇಂಥವರಿಗೆ ಮೊದಲೇ ಇ2ನ್ನು ಉಸಿರಿನ ಮೂಲಕ ಕೊಟ್ಟರೆ ದಾಳಿ ತಪ್ಪುತ್ತದೆಂದು ಪರೀಕ್ಷೆಗಳಲ್ಲಿ ಕಂಡಿದೆ. ‘ಉರಿಯೂತಕಾರಕ’ ಎಂಬ ಹಣೆಪಟ್ಟಿಯನ್ನು ಕೀಳಲು ಈ ಒಂದು ನಿದರ್ಶನ ಸಾಕು.

ಉರಿಯೂತದ ಇಳಿತ

ಉರಿಯೂತ ತಾನಾಗಿ ಆರಿಹೋಗುವುದಿಲ್ಲ, ಆರಿಸಬೇಕಾಗುತ್ತದೆ. 1999ರಲ್ಲಿ ಡೆರೆಕ್ ಗಿಲ್‌ರಾಯ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಮೈಲಿಗಲ್ಲು. ಹೆಗ್ಗಣಗಳ ಎದೆಗೂಡಿನಲ್ಲಿ ಉರಿಯೂತ ಎಬ್ಬಿಸಿ ಕಾಕ್ಸ್-2ರ ಏರಿಳಿತ ನೋಡಿದಾಗ ಅದು ಎರಡು ಸಲ ಏರಿತು, 2 ಗಂಟೆಗೊಮ್ಮೆ, 48 ಗಂಟೆಗೊಮ್ಮೆ. ಮೊದಲ ಏರಿಕೆಯನ್ನು ಔಷಧದಿಂದ ತಡೆದರೆ ಉರಿಯೂತ ತಗ್ಗಿತು. ಎರಡನೆಯದನ್ನು ತಡೆದಾಗ ಉರಿಯೂತ ಇಳಿಯದೆ ಮುಂದುವರಿಯಿತು. ಆ ಎರಡನೇ ಏರಿಕೆಯಲ್ಲಿ ಇ2 ತೀರ ಕಡಿಮೆ. ಹೆಚ್ಚಾಗಿ ಇದ್ದದ್ದು ಡಿ2 ಮತ್ತು ಅದರಿಂದ ಹುಟ್ಟುವ ಜೆ2 ಬಗೆಯ ಅಣುಗಳು. ಅಲರ್ಜಿಯಲ್ಲಿ ಕಿಡಿ ಹಚ್ಚುವ ಡಿ2 ಇಲ್ಲಿ ನೀರಿನ ಕೊಡ ಹೊತ್ತು ನಿಂತಿತ್ತು.

ಎರಡು ವರ್ಷಗಳ ಬಳಿಕ ಬಾಸ್ಟನ್ನಿನ ಚಾರ್ಲ್ಸ್ ಸೆರ್ಹಾನ್ ತಂಡ ಇನ್ನೊಂದು ಎಳೆ ಜೋಡಿಸಿತು. ಕೀವಿನಲ್ಲಿರುವ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಇ2, ಡಿ2ಗಳಿಗೆ ಒಡ್ಡಿಕೊಂಡ ಮೇಲೆ ಲ್ಯೂಕೊಟ್ರೈನ್ ತಯಾರಿಯನ್ನು ಬಿಟ್ಟು ಲಿಪಾಕ್ಸಿನ್ ತಯಾರಿಗೆ ತಿರುಗುತ್ತವೆ. ಲಿಪಾಕ್ಸಿನ್ ಹೊಸ ನ್ಯೂಟ್ರೊಫಿಲ್‌ಗಳು ಬರುವುದನ್ನು ತಡೆಯುತ್ತದೆ. ಆರಂಭದ ಸಂಕೇತದಲ್ಲೇ ಮುಗಿಸುವ ಸೂಚನೆಯೂ ಅಡಗಿತ್ತೆಂದಾಯಿತು.

ಕ್ಷಯ, ಫ್ಲೂ, ಉಣ್ಣೆ

ಶತ್ರು ಯಾರು ಎಂಬುದರ ಮೇಲೂ ಇ2ರ ಬೆಲೆ ನಿಂತಿದೆ. ಕ್ಷಯದ ಬ್ಯಾಕ್ಟೀರಿಯ ಮ್ಯಾಕ್ರೊಫೇಜಿನೊಳಗೇ ಬಿಡಾರ ಹೂಡುತ್ತದೆ. ಆ ಕೋಶ ಅಚ್ಚುಕಟ್ಟಾಗಿ ಮುದುಡಿ ಸತ್ತರೆ ಒಳಗಿನ ಬ್ಯಾಕ್ಟೀರಿಯಾಗೂ ಗತಿಯಿಲ್ಲ. ಒಡೆದು ಸತ್ತರೆ ಅವು ಹೊರಬಿದ್ದು ಹರಡುತ್ತವೆ. ಇ2 ಕೋಶದ ಹರಿದ ಪೊರೆಗೆ ತೇಪೆ ಹಾಕಿಸಿ, ಮೈಟೊಕಾಂಡ್ರಿಯಗಳನ್ನು ಉಳಿಸಿ, ಸಾವು ಅಚ್ಚುಕಟ್ಟಾಗುವಂತೆ ನೋಡಿಕೊಳ್ಳುತ್ತದೆ. ಉಗ್ರ ತಳಿಯ ಬ್ಯಾಕ್ಟೀರಿಯ ಇದನ್ನು ಬಲ್ಲದೋ ಎಂಬಂತೆ ಲಿಪಾಕ್ಸಿನ್ ಎಬ್ಬಿಸಿ ಇ2ರ ತಯಾರಿಯನ್ನು ಅಡಗಿಸುತ್ತದೆ. ಮೇಲೆ ಶಾಂತಿದೂತನಾಗಿ ಕಂಡ ಲಿಪಾಕ್ಸಿನ್ ಇಲ್ಲಿ ಕಳ್ಳನಿಗೆ ಬಾಗಿಲು ತೆರೆಯುತ್ತದೆ. ಇಂಟರ್‌ಲ್ಯೂಕಿನ್-1ರ ಸಂಕೇತ ಕೆಟ್ಟ ಇಲಿಗಳಿಗೆ ಇ2ನ್ನೂ ಲ್ಯೂಕೊಟ್ರೈನ್ ದಾರಿಯನ್ನು ತಡೆಯುವ ಜೈಲ್ಯೂಟಾನನ್ನೂ ಕೊಟ್ಟಾಗ ಕ್ಷಯದಿಂದ ಅವು ಹೆಚ್ಚು ಬದುಕಿದವೆಂದು 2014ರಲ್ಲಿ ವರದಿಯಾಯಿತು.

ಅದೇ ವರ್ಷ ಬಂದ ಇನ್ನೊಂದು ಅಧ್ಯಯನದಲ್ಲಿ ಇನ್‌ಫ್ಲುಯೆಂಜಾ ತಗುಲಿದ ಇಲಿಗಳ ಪಾಡು ಬೇರೆಯೇ. ಇ2 ತಯಾರಿಸಲಾರದ ಇಲಿಗಳೇ ಹೆಚ್ಚು ಬದುಕಿದವು, ಏಕೆಂದರೆ ಅವುಗಳ ಮ್ಯಾಕ್ರೊಫೇಜುಗಳಲ್ಲಿ ವೈರಸ್ ವಿರೋಧಿ ಇಂಟರ್‌ಫೆರಾನ್ ತಗ್ಗಿರಲಿಲ್ಲ.

ಪರೋಪಜೀವಿಗಳು ಈ ಗುಟ್ಟನ್ನು ಬಹಳ ಹಿಂದೆಯೇ ಕಲಿತಿವೆ. ಚರ್ಮ ಕೊರೆದು ಒಳಬರುವ ಶಿಸ್ಟೊಸೋಮ ಹುಳುವಿನ ಮರಿ ತಾನೇ ಡಿ2 ತಯಾರಿಸಿ ಲ್ಯಾಂಗರ್‌ಹ್ಯಾನ್ಸ್ ಕೋಶಗಳನ್ನು ಇದ್ದಲ್ಲೇ ಕಟ್ಟಿಹಾಕುತ್ತದೆ. ನಮ್ಮ ಕೊಟ್ಟಿಗೆಗಳಲ್ಲಿ ದನದ ಮೈಗೆ ಹತ್ತುವ ಉಣ್ಣೆ, ರಿಪಿಸೆಫಾಲಸ್ ಮೈಕ್ರೊಪ್ಲಸ್, ತನ್ನ ಜೊಲ್ಲಿನಲ್ಲಿ ಇ2 ಇಟ್ಟುಕೊಂಡಿರುತ್ತದೆ. ರಕ್ತ ಸರಾಗವಾಗಿ ಹರಿಯಬೇಕು, ಕಚ್ಚಿದ ಜಾಗದ ಕಾವಲುಗಾರರು ತೂಕಡಿಸಬೇಕು. ದಿನಗಟ್ಟಲೆ ಕಚ್ಚಿ ಕೂರುವ ಜೀವಕ್ಕೆ ಎರಡೂ ಬೇಕು, ಎರಡಕ್ಕೂ ಒಂದೇ ಅಣು ಸಾಕು.

ಕ್ಯಾನ್ಸರ್

ಗಂತಿಯೂ ಉಣ್ಣೆಯ ಉಪಾಯವನ್ನೇ ಹೂಡುತ್ತದೆ. ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ಕಾಕ್ಸ್-2 ಹೆಚ್ಚಿರುವುದು 1994ರಿಂದ ಗೊತ್ತು. ಆದರೆ ಇ2 ಗಂತಿಯನ್ನು ನೇರವಾಗಿ ಬೆಳೆಸುವುದಕ್ಕಿಂತ ಪ್ರತಿರಕ್ಷೆಯ ಕಣ್ಣಿಗೆ ಮಣ್ಣೆರಚುವುದರಲ್ಲಿ ನೆರವಾಗುತ್ತದೆಂಬುದು ಸ್ಪಷ್ಟವಾದದ್ದು 2015ರಲ್ಲಿ, ಲಂಡನ್ನಿನ ಜೆಲೆನೇ, ರೈಸ್ ಇ ಸೌಸಾ ಮೊದಲಾದವರ ಕೆಲಸದಿಂದ. ಇಲಿಯ ಮೆಲನೋಮಾ ಕೋಶಗಳಿಂದ ಕಾಕ್ಸ್ ಜೀನ್‌ಗಳನ್ನು ಕಿತ್ತು ಮತ್ತೆ ಇಲಿಗಳಿಗೆ ಸೇರಿಸಿದಾಗ ಪ್ರತಿರಕ್ಷಾ ವ್ಯವಸ್ಥೆಯೇ ಆ ಗಂತಿಗಳನ್ನು ಅಡಗಿಸಿತು. ಗಂತಿಯೊಳಕ್ಕೆ ಎನ್‌ಕೆ ಕೋಶಗಳು ಬಂದು ಅವು ಕರೆದ ಡೆಂಡ್ರೈಟಿಕ್ ಕೋಶಗಳು ನೆರೆಯಬೇಕಾದ ಸರಣಿಯನ್ನು ಇ2 ಮುರಿಯುತ್ತದೆಂದು 2018ರಲ್ಲಿ ತಿಳಿಯಿತು.

2024ರಲ್ಲಿ ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನ ಎರಡು ತಂಡಗಳು ಜೊತೆಜೊತೆಗೆ ಪ್ರಕಟಿಸಿದ ಅಧ್ಯಯನಗಳು ಇನ್ನೂ ಒಳಕ್ಕೆ ಹೋದವು. ಗಂತಿಯೊಳಗೆ ಬೀಜದಂತೆ ಉಳಿದಿರುವ ಸಿಡಿ8 ಟಿ ಕೋಶಗಳು ಅಲ್ಲೇ ಬಹುಪಟ್ಟಾಗಿ ಕೊಲ್ಲುವ ಪಡೆಯಾಗಬೇಕು. ಇ2, ಇಪಿ2 ಮತ್ತು ಇಪಿ4ರ ಮೂಲಕ, ಅವಕ್ಕೆ ಇಂಟರ್‌ಲ್ಯೂಕಿನ್-2ರ ಮಾತು ಕೇಳಿಸದಂತೆ ಮಾಡುತ್ತದೆ. ಆ ಎರಡು ಗ್ರಾಹಿಗಳಿಲ್ಲದ ಟಿ ಕೋಶಗಳು ಇಲಿಗಳಲ್ಲಿ ಗಂತಿಯನ್ನು ಹತ್ತಿಕ್ಕಿದವು. 1977ರಲ್ಲಿ ಗಾಜಿನ ತಟ್ಟೆಯಲ್ಲಿ ಕಂಡದ್ದು ಗಂತಿಯೊಳಗೆ ಮತ್ತೆ ಸಿಕ್ಕಿತು.

ಔಷಧಗಳು

ಕಾಕ್ಸ್ ತಡೆಯುವ ಮಾತ್ರೆಗಳು ಇಡೀ ಕುಟುಂಬವನ್ನು ಒಟ್ಟಿಗೆ ಮುಚ್ಚುತ್ತವೆ. ಅದೇ ಅವುಗಳ ಬಲ, ಅದೇ ದೋಷ. ಕಾಕ್ಸ್-2ನ್ನಷ್ಟೇ ತಡೆದು ಜಠರ ಉಳಿಸುವೆವೆಂದು ಬಂದ ರೋಫೆಕಾಕ್ಸಿಬ್ ಹೃದಯಾಘಾತಗಳನ್ನು ಹೆಚ್ಚಿಸಿ 2004ರಲ್ಲಿ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ರಕ್ತ ಹೆಪ್ಪುಗಟ್ಟದಂತೆ ಕಾಯುವ ಐ2 ಕಡಿಮೆಯಾಗಿ, ಹೆಪ್ಪುಗಟ್ಟಿಸುವ ಥ್ರಾಂಬಾಕ್ಸೇನ್ ಹಾಗೇ ಉಳಿದದ್ದು ಇದಕ್ಕೆ ಮುಖ್ಯ ವಿವರಣೆ. ಹಾಗಾಗಿ ಈಗಿನ ಒಲವು ಮೂಲ ಮುಚ್ಚುವುದರ ಬದಲು ಒಂದೊಂದು ಗ್ರಾಹಿಯನ್ನು ಮುಚ್ಚುವ ಕಡೆಗೆ. ಇಪಿ4 ಮುಚ್ಚುವ ಗ್ರಾಪಿಪ್ರಾಂಟ್ 2016ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು, ಮನುಷ್ಯರಿಗಲ್ಲ, ಕೀಲುನೋವಿನ ನಾಯಿಗಳಿಗೆ. ಮನುಷ್ಯರ ಕ್ಯಾನ್ಸರಿನಲ್ಲಿ ಇಂಥ ಔಷಧಗಳನ್ನು ಪ್ರತಿರಕ್ಷಾ ಚಿಕಿತ್ಸೆಯ ಜೊತೆ ಕೊಟ್ಟು ಪರೀಕ್ಷಿಸಲಾಗುತ್ತಿದೆ.

ಮನೆಮಂದಿಗೆ ಹತ್ತಿರದ ಪ್ರಶ್ನೆಯೊಂದಿದೆ: ಲಸಿಕೆ ಹಾಕಿಸಿದ ದಿನ ಮಗುವಿಗೆ ಜ್ವರ ಬರುವ ಮೊದಲೇ ಪ್ಯಾರಸಿಟಮಾಲ್ ಕುಡಿಸಬೇಕೇ? ಇದೂ ಮಿದುಳಿನಲ್ಲಿ ಪ್ರೋಸ್ಟಗ್ಲಾಂಡಿನ್ ತಗ್ಗಿಸುವ ಔಷಧವೇ. ಜೆಕ್ ಗಣರಾಜ್ಯದಲ್ಲಿ 459 ಶಿಶುಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಮುಂಜಾಗ್ರತೆಗೆ ಔಷಧ ಪಡೆದ ಮಕ್ಕಳಿಗೆ ಜ್ವರ ಕಡಿಮೆ ಬಂತು, ಆದರೆ ಹಲವು ಲಸಿಕೆಗಳಿಗೆ ಪ್ರತಿಕಾಯಗಳೂ ಕಡಿಮೆ ಹುಟ್ಟಿದವು. ಬಹುಪಾಲು ಮಕ್ಕಳಲ್ಲಿ ರಕ್ಷಣೆಗೆ ಬೇಕಾದ ಮಟ್ಟ ಉಳಿದಿತ್ತು. ಜ್ವರ ಬಂದು ಮಗು ನರಳಿದಾಗ ಕೊಡುವುದು ಬೇರೆ. ಬರುವ ಮೊದಲೇ ವಾಡಿಕೆಯಂತೆ ಕುಡಿಸುವುದು ಬೇಡವೆಂದು ಆ ಸಂಶೋಧಕರು ಹೇಳಿದರು.